ಏಣಿ ಹಿಡಿಯುವವನು

ಫೋನ್ ಇಟ್ಟು ಎರಡು ದಿನವಾದರೂ ಅಣ್ಣನ ಮಾತಿನಲ್ಲಿ ಎಲ್ಲೋ ಏನೋ ಇದೆ ಎಂದು ಮಾಧವನಿಗೆ ಅನ್ನಿಸುತ್ತಲೇ ಇತ್ತು. ಆಡಿದ್ದು ನಾಲ್ಕು ಮಾತು. ಊಟ ಆಯಿತೇ, ಮಗಳು ಗಾನವಿ ಹಾಸ್ಟೆಲಿಗೆ ಹೊಂದಿಕೊಂಡಳೇ, ಹಳೇಬೀಡಿನಲ್ಲಿ ಮಳೆ ಹೇಗಿದೆ. ಆಮೇಲೆ ಅಣ್ಣ ಉಮಾಶಂಕರ, ‘ಮಾಧು, ಆ ಹಳೇ ವಿಡಿಯೋ ಗೇಮ್ ಕ್ಯಾಸೆಟ್ಟು ಇನ್ನೂ ಇದಾವೇನೋ ನಿನ್ನ ಹತ್ರ?’ ಎಂದು ಕೇಳಿದ್ದ. ಇವೆ ಅನ್ನುವಷ್ಟರಲ್ಲಿ, ‘ಭಾನುವಾರ ತಗೊಂಡು ಬಾ. ನಿನ್ನ ಜಾಯ್‌ಸ್ಟಿಕ್ಕೂ ತಾ’ ಅಂದಿದ್ದ. ಪಾಲಾಗಿ ಇಷ್ಟು ವರ್ಷದಲ್ಲಿ ಅರಸೀಕೆರೆಗೆ ಬಾ ಎಂದು ಅಣ್ಣ ಬಾಯಿಬಿಟ್ಟು ಕರೆದದ್ದಿಲ್ಲ. ತಿಥಿಗೆ, ನಾಮಕರಣಕ್ಕೆ, ಹೇಳಲೇಬೇಕಾದವರಿಗೆ ಹೇಳುವಂತೆ ಹೇಳಿದ್ದುಂಟು, ಅಷ್ಟೆ. ಈಗ ಇದ್ದಕ್ಕಿದ್ದಂತೆ ಕ್ಯಾಸೆಟ್ಟಿನ ನೆನಪೇಕೆ ಬಂತು. ಯಾಕೆ ಎಂದು ಕೇಳಬಹುದಿತ್ತು, ಆದರೆ ಕೇಳಿದರೆ ತಾನು ಅಂಜಿದ ಹಾಗೆ ಕಾಣುತ್ತದೆ ಎಂದು ಮಾಧವ ‘ನೋಡ್ತೀನಿ’ ಅಂದುಬಿಟ್ಟ. ಆ ಮಾತೂ ತಪ್ಪಾಯಿತೆಂದು ಆಮೇಲೆ ಅನ್ನಿಸಿತು. ಇರುವವನು ಇದೆ ಅನ್ನುತ್ತಾನೆ, ಇಲ್ಲದವನು ಇಲ್ಲ ಅನ್ನುತ್ತಾನೆ. ನೋಡ್ತೀನಿ ಅನ್ನುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಅಣ್ಣನಂಥವನಿಗೆ ಹೊಳೆಯದೆ ಇರುತ್ತದೆಯೇ.

ಮುಚ್ಚಿಡುವುದಕ್ಕೆ ಇದ್ದದ್ದೂ ನಿಜ. ಅಣ್ಣನ ಫೋನ್ ಬರುವುದಕ್ಕೆ ಹದಿನೈದು ದಿನ ಮೊದಲು ಬೇಲೂರಿನ ಕಾಲೇಜು ಆಫೀಸಿಗೆ ಅವನ ಹೆಸರಿನಲ್ಲಿ ಒಂದು ಪಾರ್ಸೆಲ್ ಬಂದಿತ್ತು. ಮನೆಯ ವಿಳಾಸ ಕೊಟ್ಟರೆ ಹೆಂಡತಿ ಅಪೂರ್ವ ಬಿಚ್ಚಿ ನೋಡುತ್ತಾಳೆಂದು ತಾನು ಗುಮಾಸ್ತನಾಗಿದ್ದ ಆಫೀಸಿನ ವಿಳಾಸ ಕೊಟ್ಟಿದ್ದ. ಅಲ್ಲೇ ಎಡವಟ್ಟಾಯಿತು. ಫೀಸ್ ಕಟ್ಟಲು ಸಾಲಾಗಿ ನಿಂತ ಹುಡುಗರಿಗೆಲ್ಲ ಕೇಳುವಂತೆ ಕೊರಿಯರ್‌ನವನು ‘ಗೇಮ್ ಡಿಸ್ಕ್ ಯಾರ್ದು ಸಾರ್ ಇಲ್ಲಿ’ ಎಂದು ಕೂಗಿದ. ಪಕ್ಕದ ಮೇಜಿನ ಇಂದ್ರೇಶ್, ಇನ್ನೊಬ್ಬರ ಊಟದ ಡಬ್ಬಿಯಲ್ಲಿ ಏನಿದೆ ಎಂದು ನೋಡದೆ ತನ್ನ ಡಬ್ಬಿ ತೆಗೆಯದವನು, ತಲೆ ಎತ್ತಿದ. ‘ಮಗಳಿಗೆ’ ಅಂದ ಮಾಧವ, ಯಾರೂ ಕೇಳದೆ ಇದ್ದರೂ. ‘ಮಗಳು ಹಾಸನದಾಗೆ ಹಾಸ್ಟೆಲ್ ಸೇರ್ಕಂಡವ್ಳೆ ಅಂದಿದ್ರಲ್ಲ ಸಾರ್.’ ‘ರಜಕ್ಕೆ ಬರ್ತಾಳಲ್ಲ.’ ‘ಅದೂ ಸರಿ ಬುಡಿ’ ಅಂದ ಇಂದ್ರೇಶ್, ಒಂದು ಹುಡುಗಿಯ ಕೈಯಿಂದ ಚಲನ್ ತೆಗೆದುಕೊಳ್ಳುತ್ತ. ಹುಡುಗಿ ನಕ್ಕಳೋ, ಅಥವಾ ಅವಳ ಮುಖವೇ ಹಾಗೋ, ಮಾಧವನಿಗೆ ತಿಳಿಯಲಿಲ್ಲ. ಇಂದ್ರೇಶನ ಊರು ಅರೇಹಳ್ಳಿಯಾದರೂ ಹೆಂಡತಿಯ ತವರು ಅರಸೀಕೆರೆ. ಮಾವನ ಮನೆಯವರು ಜೆರಾಕ್ಸ್ ಮಾಡಿಸುವುದು ಅಣ್ಣನ ಅಂಗಡಿಯಲ್ಲೇ ಇದ್ದರೂ ಇರಬಹುದು. ನಿಮ್ಮ ತಮ್ಮ ಈ ವಯಸ್ಸಿನಲ್ಲಿ ಆಟದ ಸಾಮಾನು ತರಿಸಿಕೊಳ್ಳುತ್ತಾನಂತಲ್ಲ ಎಂದು ಯಾರೋ ಅಂದಿರಬೇಕು. ಇಲ್ಲದಿದ್ದರೆ ಸರಿಯಾಗಿ ಈ ಹೊತ್ತಿಗೇ ಅಣ್ಣ ಯಾಕೆ ಕೇಳುತ್ತಾನೆ.

ಪಾರ್ಸೆಲಿನಲ್ಲಿದ್ದದ್ದು ಹಳೆಯ ಆಟಗಳ ಸಂಗ್ರಹ. ಮೂವತ್ತು ವರ್ಷದ ಹಿಂದಿನ ಹತ್ತು ಆಟಗಳನ್ನು ತೊಳೆದು, ಬಣ್ಣ ಬಳಿದು, ಒಂದೇ ಡಿಸ್ಕಿನಲ್ಲಿ ಕೂರಿಸಿ ಮತ್ತೆ ಮಾರಲು ಬಿಟ್ಟಿದ್ದರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಆಟಗಳು ಅವನ ಬೀರುವಿನ ಬಿಸ್ಕತ್ತಿನ ಡಬ್ಬದಲ್ಲಿ ಕ್ಯಾಸೆಟ್ಟುಗಳಾಗಿ ಆಗಲೇ ಇದ್ದವು. ತನ್ನದನ್ನೇ ತಾನು ಮತ್ತೆ ಕೊಂಡುಕೊಂಡ ಹಾಗಾಯಿತು. ಈ ಸಂಗ್ರಹ ಎನ್ನುವ ಮಾತಿನ ಮೇಲೂ ಅವನಿಗೆ ಚಿಕ್ಕಂದಿನಿಂದ ನಂಬಿಕೆ ಇರಲಿಲ್ಲ. ಆ ಕಾಲದಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ ಲಕ್ಷ ಆಟಗಳು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಿದ್ದರು. ಹಾಕಿ ನೋಡಿದರೆ ನಾಲ್ಕೇ ಆಟ, ಅವೇ ಬೇರೆ ಬೇರೆ ಹೆಸರು ಹೊತ್ತು ಸುತ್ತಿ ಸುತ್ತಿ ಬರುತ್ತಿದ್ದವು. ಎಲ್ಲೋ ಮಧ್ಯದಲ್ಲಿ ಐದನೆಯದೊಂದು ಇದ್ದೇ ಇರುತ್ತದೆ ಎಂದು ಅಣ್ಣ ಬೇಸಗೆ ರಜವೆಲ್ಲ ಪಟ್ಟಾಗಿ ಕೂತು ಒಂದೊಂದೇ ತೆರೆದು ನೋಡುತ್ತಿದ್ದ. ಮಾಧವನಿಗೆ ಮೊದಲ ದಿನವೇ ಮೋಸ ಎಂದು ಗೊತ್ತಾಗಿತ್ತು. ಆದರೂ ಸಿಗಲಿ ಎಂದು ಅಣ್ಣನ ಪಕ್ಕದಲ್ಲೇ ಕೂತಿರುತ್ತಿದ್ದ.

ಇರುವುದನ್ನೇ ಯಾಕೆ ಕೊಂಡೆ ಎಂದು ಯಾರಾದರೂ ಕೇಳಿದರೆ ಹೇಳಲು ಅವನಲ್ಲಿ ಉತ್ತರ ಸಿದ್ಧವಾಗಿತ್ತು. ಕ್ಯಾಸೆಟ್ಟು ಅವನ ಹತ್ತಿರ ಇದ್ದವು, ಅವನ್ನು ಆಡಿಸುವ ಮಿಷನ್ನು ಅಣ್ಣನ ಹತ್ತಿರ ಇತ್ತು. ಅಪ್ಪ ಸುಬ್ಬರಾಮಯ್ಯ ಹೈಸ್ಕೂಲ್ ಮೇಷ್ಟರಾಗಿದ್ದಾಗ ವ್ಯಾಲ್ಯುಯೇಷನ್ನಿಗೆಂದು ಬೆಂಗಳೂರಿಗೆ ಹೋಗಿ ಬರುವಾಗ ತಂದ ಮಿಷನ್ನು ಅದು. ಅಪ್ಪ ತೀರಿಕೊಂಡು ವರ್ಷಾಬ್ದಿಕ ಮುಗಿದ ಮೇಲೆ ಹಳೇಬೀಡಿನ ಮನೆಯ ನಡುಮನೆಯಲ್ಲಿ ಪಾಲು ನಡೆಯಿತು. ಹಿರಿಯವನು ಎರಡು ಪಾಲು ಹಾಕಬೇಕು, ಕಿರಿಯವನು ಮೊದಲು ಎತ್ತಿಕೊಳ್ಳಬೇಕು ಅನ್ನುವುದು ಅವರ ಕಡೆಯ ರೂಢಿ. ಹಾಕಿದವನು ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿಕೊಂಡದ್ದು. ಅಪ್ಪನ ಸ್ನೇಹಿತ, ಕಂದಾಯ ಇಲಾಖೆಯಿಂದ ರಿಟೈರಾದ ರೇವಣಸಿದ್ದಪ್ಪನವರು ಕುರ್ಚಿ ಹಾಕಿಕೊಂಡು ಮಧ್ಯೆ ಕೂತಿದ್ದರು. ಉಮಾಶಂಕರ ಒಂದೊಂದೇ ಸಾಮಾನು ತಂದು ಈ ಕಡೆ, ಆ ಕಡೆ ಇಟ್ಟ. ಜೋಡಿ ದೀಪದಕಂಬದಲ್ಲಿ ಒಂದು ಇಲ್ಲಿ, ಒಂದು ಅಲ್ಲಿ. ಅಪ್ಪನ ಸಂಧ್ಯಾವಂದನೆಯ ಬೆಳ್ಳಿ ಪಂಚಪಾತ್ರೆ ಇಲ್ಲಿ, ಅದರ ಉದ್ಧರಣೆ, ಆ ಪುಟ್ಟ ಚಮಚ, ಅಲ್ಲಿ. ಕ್ಯಾಸೆಟ್ಟಿನ ಡಬ್ಬ ಮತ್ತು ಒಂದು ಜಾಯ್‌ಸ್ಟಿಕ್ಕು ಇಲ್ಲಿ, ಮಿಷನ್ನು ಮತ್ತು ಇನ್ನೊಂದು ಜಾಯ್‌ಸ್ಟಿಕ್ಕು ಅಲ್ಲಿ. ರೇವಣಸಿದ್ದಪ್ಪನವರು ಕನ್ನಡಕ ತೆಗೆದು, ‘ಅದ್ಯಾಕಪ್ಪ ಹಂಗೆ ಒಡೀತೀಯ, ಇಬ್ರಿಗೂ ಉಪ್ಯೋಗಕ್ಕೆ ಬರಾಕಿಲ್ವಲ್ಲ’ ಅಂದರು. ‘ಇರಲಿ ಬಿಡಿ’ ಅಂದಿದ್ದ ಅಣ್ಣ, ಮುಖ ಎತ್ತದೆ. ಆ ಇರಲಿ ಬಿಡಿ ಎನ್ನುವುದನ್ನು ಮಾಧವ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಾನೆ. ಯಾವ ಪಾಲು ಎತ್ತಿಕೊಂಡರೂ ತಾನು ಒಬ್ಬನೇ ಆಡಲು ಆಗಬಾರದು ಎಂದಲ್ಲವೇ ಅಣ್ಣ ಹಾಗೆ ಮಾಡಿದ್ದು. ರೂಢಿ ಮೋಸವನ್ನು ತಡೆಯುತ್ತದೆ, ಹೊಟ್ಟೆಕಿಚ್ಚನ್ನು ಹೇಗೆ ತಡೆಯುತ್ತದೆ. ಆ ವಾರವೇ ಮಾಧವ ಬೇಲೂರಿನ ಬೆಳ್ಳಿ ಅಂಗಡಿಗೆ ಹೋಗಿ ಒಂದು ಹೊಸ ಉದ್ಧರಣೆ ಕೊಂಡು ತಂದಿದ್ದ. ಸಂಧ್ಯಾವಂದನೆ ಮಾಡುವ ಅಭ್ಯಾಸ ಅವನಿಗೆ ಇರಲೇ ಇಲ್ಲ.

ಕ್ಯಾಸೆಟ್ಟುಗಳಲ್ಲಿ ಹಳದಿ ಬಣ್ಣದ್ದು ಒಂದಿತ್ತು. ಅದರ ಮೇಲಿನ ಚೀಟಿ ಎಂದೋ ಕಿತ್ತುಹೋಗಿತ್ತು, ಆದ್ದರಿಂದ ಅಣ್ಣತಮ್ಮ ಅದನ್ನು ಬೆಂಕಿ ಆಟ ಎಂದು ಕರೆಯುತ್ತಿದ್ದರು. ಇಬ್ಬರು ಬೆಂಕಿ ಆರಿಸುವವರು, ಒಬ್ಬ ಕೆಂಪು ಟೊಪ್ಪಿ, ಒಬ್ಬ ನೀಲಿ ಟೊಪ್ಪಿ. ಒಂದು ಏಣಿ. ಉರಿಯುವ ಮನೆಗಳು ಒಂದರ ನಂತರ ಒಂದು ಬರುತ್ತವೆ. ಕೆಂಪಿನವನು ಹತ್ತಬೇಕು, ನೀಲಿಯವನು ಕೆಳಗೆ ನಿಂತು ಏಣಿ ಹಿಡಿಯಬೇಕು. ಹಿಡಿಯುವುದೆಂದರೆ ಒಂದೇ ಒಂದು ಗುಂಡಿ ಒತ್ತಿಕೊಂಡು ಕೂರುವುದು, ಕೈ ಬಿಟ್ಟರೆ ಮೇಲಿನವನು ಬಿದ್ದ. ಒಬ್ಬನೇ ಆಡಲು ಹೋದರೆ ಮೊದಲ ಮನೆಯೂ ದಾಟುತ್ತಿರಲಿಲ್ಲ. ಯಾವಾಗಲೂ ಅಣ್ಣನೇ ಕೆಂಪು, ಮಾಧವನೇ ನೀಲಿ. ‘ನಿಂಗೆ ಹತ್ತೋಕೆ ಬರಲ್ಲ ಕಣೋ, ನೀನು ಗಟ್ಟಿಯಾಗಿ ಹಿಡ್ಕೊ.’ ಅದರಲ್ಲಿ ಇನ್ನೊಂದು ಸಂಕಟವಿತ್ತು. ಅಣ್ಣ ಮೇಲೆ ಹತ್ತಿದಂತೆ ಟೀವಿಯ ಚಿತ್ರವೂ ಅವನ ಜೊತೆಗೇ ಮೇಲೆ ಹೋಗುತ್ತಿತ್ತು, ಕೆಳಗೆ ಏಣಿ ಹಿಡಿದ ನೀಲಿ ಟೊಪ್ಪಿ ಕಾಣುತ್ತಲೇ ಇರಲಿಲ್ಲ. ಹೆಬ್ಬೆರಳು ಬೆಳ್ಳಗಾಗುವ ತನಕ ಗುಂಡಿ ಒತ್ತಿಕೊಂಡು, ಕಾಣದ ತಾನು ಎಲ್ಲೋ ಕೆಳಗೆ ನಿಂತಿದ್ದೇನೆ ಎಂದು ನಂಬಿಕೊಂಡು ಕೂರಬೇಕಿತ್ತು. ತಾನು ಹಿಡಿದಿದ್ದೆನೋ ಇಲ್ಲವೋ ಎಂದು ಗೊತ್ತಾಗುತ್ತಿದ್ದದ್ದು ಅಣ್ಣ ಬಿದ್ದಾಗ ಮಾತ್ರ. ಒಂದು ಸಲ ಕೊನೆಯ ಮನೆಯ ಮಾಳಿಗೆಗೆ ಇನ್ನೆರಡು ಮೆಟ್ಟಿಲು ಇರುವಾಗ ಮೊಣಕಾಲಿಗೆ ಸೊಳ್ಳೆ ಕಚ್ಚಿತು, ಮಾಧವ ಕೈ ಬಿಟ್ಟ. ಅಣ್ಣ ಹೊಡೆಯಲಿಲ್ಲ. ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಸೈಕಲ್ ತೆಗೆದುಕೊಂಡು ಒಬ್ಬನೇ ಹುಲಿಕೆರೆ ಕೊಳದ ಕಡೆಗೆ ಹೋಗಿ ಕತ್ತಲಾದ ಮೇಲೆ ಬಂದ. ಹೊಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಯ ಮನೆಯ ಮೇಲೆ ಏನಿದೆ ಎಂದು ಅವರಿಬ್ಬರೂ ನೋಡಲೇ ಇಲ್ಲ, ಆಮೇಲೆ ಅಣ್ಣ ಕಾಲೇಜು ಸೇರಿದ.

ಹೊಸ ಡಿಸ್ಕನ್ನು ಮಾಧವ ಹಾಕಿ ನೋಡಿದ್ದು ಹೋದ ವಾರ, ಅಪೂರ್ವ ಭಜನಾ ಮಂಡಳಿಗೆ ಹೋಗಿದ್ದ ಮಧ್ಯಾಹ್ನ. ಗಾನವಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಕೊಡಿಸಿದ ಹೊಸ ಕಾಲದ ಮಿಷನ್ನು ಟೀವಿಯ ಕೆಳಗೆ ದೂಳು ತಿನ್ನುತ್ತಿತ್ತು. ಕಿಟಕಿಯ ಪರದೆ ಎಳೆದು, ಬಾಗಿಲ ಚಿಲಕ ಹಾಕಿ, ಕದ್ದವನ ಹಾಗೆ ಸದ್ದು ತಗ್ಗಿಸಿ ಕೂತ. ಬೆಂಕಿ ಆಟ ಬಂತು. ಬಣ್ಣ ತೀರಾ ಹೊಸದಾಗಿತ್ತು, ಬೆಂಕಿ ಬೆಂಕಿಯ ಹಾಗೇ ಇತ್ತು, ಮೊದಲು ಅದು ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ ಇರುತ್ತಿತ್ತು. ಎರಡನೆಯ ಆಟಗಾರ ಇದ್ದಾನೆಯೇ ಎಂದು ಕೇಳಿತು. ಇಲ್ಲ ಎಂದು ಒತ್ತಿದ. ಮೊದಲ ಮನೆಯೂ ದಾಟುವುದಿಲ್ಲ ಎಂದು ಗೊತ್ತಿದ್ದೇ ಒತ್ತಿದ್ದು. ಆದರೆ ಕೆಂಪು ಟೊಪ್ಪಿಯವನು ಏಣಿಯ ಹತ್ತಿರ ಬಂದ ಕೂಡಲೇ ಎಲ್ಲಿಂದಲೋ ನೀಲಿ ಟೊಪ್ಪಿಯವನು ತಾನೇ ಬಂದು ಏಣಿ ಹಿಡಿದ. ಮಾಧವ ಬೆನ್ನ ಹಿಂದೆ ಯಾರೋ ಕೂತಿದ್ದಾರೇನೋ ಎಂದು ತಿರುಗಿ ನೋಡಿದ. ಒಬ್ಬರೇ ಆಡುವವರ ಅನುಕೂಲಕ್ಕೆ ಹೊಸದಾಗಿ ಸೇರಿಸಿದ್ದರು ಎಂದು ಡಬ್ಬದ ಹಿಂದೆ ಬರೆದದ್ದನ್ನು ಆಮೇಲೆ ಓದಿದ. ಆ ನೀಲಿಯವನು ಒಂದು ಸಲವೂ ಕೈ ಬಿಡಲಿಲ್ಲ. ಮನೆಗಳು ಒಂದಾದ ಮೇಲೆ ಒಂದು ಕೆಳಗೆ ಹೋದವು, ಎಲ್ಲಿಯಾದರೂ ಬೀಳಿಸುತ್ತಾನೆ ಎಂದು ಮಾಧವ ಕಾಯುತ್ತಲೇ ಹತ್ತಿದ, ಸಂಜೆಯ ಹೊತ್ತಿಗೆ ಕೊನೆಯ ಮನೆಯ ಮಾಳಿಗೆಯ ಮೇಲೆ ನಿಂತಿದ್ದ. ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನೀಲಿ ಟೊಪ್ಪಿಯವನೂ ಹತ್ತಿ ಬಂದ, ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಕೈ ಬೀಸಿದರು. ಅಷ್ಟೆ. ಮಾಧವನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇದು ಆ ಆಟವೇ ಅಲ್ಲ, ಹೆಸರು ಮಾತ್ರ ಅದೇ ಇಟ್ಟಿದ್ದಾರೆ ಎಂದು ಸಿಟ್ಟು ಬಂತು. ಬಾಗಿಲು ಬಡಿದ ಸದ್ದಾಗಿ ಟೀವಿ ಆರಿಸಿದ. ಅಪೂರ್ವ ಒಳಗೆ ಬಂದು, ‘ಹಗಲೊತ್ತು ಯಾಕ್ರೀ ಚಿಲಕ’ ಅಂದಳು, ಟೀವಿಯ ಮೇಲೆ ಕೈಯಿಟ್ಟು ಬಿಸಿ ನೋಡಿದಳು, ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದೂ ಸರಿಯಾಗಿ ಕಾಣಲಿಲ್ಲ ಅವನಿಗೆ.

ಈಗ ಭಾನುವಾರ ಬೆಳಿಗ್ಗೆ ಬಿಸ್ಕತ್ತಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮಾಧವ ಲೆಕ್ಕ ಹಾಕುತ್ತಿದ್ದ. ಹಳೆಯ ಮಿಷನ್ನು, ಹಳೆಯ ಕ್ಯಾಸೆಟ್ಟು ಎಲ್ಲ ಪೂರ್ತಿ ಇದ್ದರೆ ಹುಚ್ಚುಹಿಡಿದವರ ಹಾಗೆ ಕೊಂಡುಕೊಳ್ಳುವವರು ಇದ್ದಾರೆ ಎಂದು ಮೊಬೈಲಿನಲ್ಲಿ ನೋಡಿದ್ದ. ಅಣ್ಣನೂ ನೋಡಿರುತ್ತಾನೆ. ಅದಕ್ಕೇ ಜಾಯ್‌ಸ್ಟಿಕ್ಕೂ ತಾ ಅಂದದ್ದು. ಅರ್ಧ ಇಟ್ಟುಕೊಂಡವನಿಗೆ ಈಗ ಇನ್ನರ್ಧ ಬೇಕಾಗಿದೆ. ಅಪೂರ್ವ ಕಾಫಿ ತಂದು ಪಕ್ಕದಲ್ಲಿಟ್ಟು, ‘ಭಾವ ಅಪರೂಪಕ್ಕೆ ಕರ್ದಿದಾರೆ, ಎಲ್ಲಾ ತಗೊಂಡು ಹೋಗಿ’ ಅಂದಳು. ‘ಎಲ್ಲಾ ಯಾಕೆ?’ ‘ಆಡೋಕಿರಬೇಕು.’ ‘ಆ ವಯಸ್ಸಲ್ಲಿ ಆಡ್ತಾನಾ ಅವನು?’ ಅಪೂರ್ವ ಅವನನ್ನೇ ನೋಡಿದಳು. ‘ನೀವು ಆಡಲ್ವಾ?’ ಡಿಸ್ಕಿನ ವಿಷಯ ಇವಳಿಗೆ ಗೊತ್ತಾಗಿದೆ. ಬೀರುವಿನಲ್ಲಿ ಅವನ ಶರಟುಗಳ ಹಿಂದೆ ಇಟ್ಟದ್ದನ್ನು ಒಗೆದ ಬಟ್ಟೆ ಇಡುವಾಗ ನೋಡಿದ್ದಾಳೆ. ‘ಇರೋದನ್ನೇ ಮತ್ತೆ ತರೋದು ಒಂಥರಾ ನೋಡಿ, ಅರಸೀಕೆರೆ ಏನು ಅಷ್ಟು ದೂರವಾ’ ಅಂದಳು ಅಪೂರ್ವ, ಲೋಟ ತೆಗೆದುಕೊಳ್ಳುತ್ತ. ಅದು ಹಂಗಿಸಿದ್ದೋ ಸುಮ್ಮನೆ ಆಡಿದ್ದೋ. ಅವಳು ಅಡಿಗೆಮನೆಗೆ ಹೋದ ಮೇಲೆ ಮಾಧವ ಹಳದಿ ಕ್ಯಾಸೆಟ್ಟನ್ನು ಡಬ್ಬದಿಂದ ತೆಗೆದು ಶರಟುಗಳ ಹಿಂದೆ, ಹೊಸ ಡಿಸ್ಕಿನ ಡಬ್ಬದ ಮೇಲೆ ಇಟ್ಟ. ಮಿಕ್ಕದ್ದೆಲ್ಲ ಬೇಕಾದರೆ ಮಾರಿಕೊಳ್ಳಲಿ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಅಪೂರ್ವ ಬಾಗಿಲ ತನಕ ಬಂದು, ‘ಹಳದೀದು ಇಟ್ಕೊಂಡ್ರಾ?’ ಎಂದು ಕೇಳಿದಳು. ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಕೇಳಿಸದವನ ಹಾಗೆ ಬಸ್ತಿಹಳ್ಳಿ ರಸ್ತೆಗೆ ಇಳಿದ.

ಬಸ್ಸು ಹೊರಡುವುದಕ್ಕೆ ಹೊತ್ತಿತ್ತು. ದೇವಸ್ಥಾನದ ಎದುರು ಟೂರಿಸ್ಟುಗಳು ಇಳಿಯುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪ ಇಬ್ಬರನ್ನೂ ಗೋಡೆಯ ಸುತ್ತ ಕರೆದುಕೊಂಡು ಹೋಗಿ, ಸಾಲು ವಿಗ್ರಹಗಳ ಮಧ್ಯೆ ಏನೂ ಕೆತ್ತದ ಒಂದು ಬೋಳುಕಲ್ಲು ತೋರಿಸಿದ್ದರು. ಅಲ್ಲಿದ್ದದ್ದು ಬಿದ್ದುಹೋಗಿದೆ, ರಿಪೇರಿ ಮಾಡಿದವರು ಬರೀ ಕಲ್ಲು ಇಟ್ಟಿದ್ದಾರೆ, ಹೋದದ್ದನ್ನು ಹೋಗಿದೆ ಎಂದು ತೋರಿಸಬೇಕು, ಅದರ ಹಾಗೇ ಇನ್ನೊಂದು ಕೆತ್ತಿ ನಿಲ್ಲಿಸಿದರೆ ನೋಡುವವರಿಗೆ ಮೋಸ ಅಂದಿದ್ದರು. ಅಣ್ಣ ಆ ಬೋಳುಕಲ್ಲಿನ ಮೇಲೆ ಕೈಯಾಡಿಸಿ, ಇಲ್ಲಿ ಯಾರಿದ್ದಿರಬಹುದು ಎಂದು ಕೇಳಿದ್ದ. ಮಾಧವ ಕೇಳಿದ್ದು ಬೇ‍ರೆ, ಬಿದ್ದದ್ದನ್ನು ಯಾರು ಮನೆಗೆ ತಗೊಂಡು ಹೋದರು ಎಂದು. ಅಪ್ಪ ನಕ್ಕು, ಇವನು ಪೊಲೀಸಾಗುತ್ತಾನೆ ಅಂದರು. ಈಗ ಆ ನಗು ಹೊಗಳಿಕೆ ಆಗಿರಲಿಲ್ಲ ಎಂದು ತೋರಿತು. ಜಾವಗಲ್ ದಾಟುವ ತನಕ ಅದೇ ನೆನಪು ಹಿಂದೆಮುಂದೆ ಆಡಿತು. ತೆಂಗಿನ ತೋಟಗಳು ಬಂದು ಹೋದವು. ಮೊಬೈಲು ಎರಡು ಸಲ ಜೇಬಿನಲ್ಲಿ ಅದುರಿತು, ಅಪೂರ್ವಳೇ ಇರಬೇಕು, ಹಳದಿಯದನ್ನು ನೋಡಿಬಿಟ್ಟಿರಬೇಕು ಎಂದು ಅವನು ತೆಗೆಯಲೇ ಇಲ್ಲ.

ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ ಅಣ್ಣನ ಜೆರಾಕ್ಸ್ ಅಂಗಡಿ, ಅದರ ಹಿಂದೆಯೇ ಮನೆ. ಭಾನುವಾರವಾದ್ದರಿಂದ ಷಟರ್ ಅರ್ಧಕ್ಕೆ ಎಳೆದಿತ್ತು. ‘ಬಗ್ಗಿ ಬಾರೋ ಮಾಧು’ ಎಂದು ಒಳಗಿನಿಂದ ದನಿ ಬಂತು. ಬಗ್ಗಿ ಒಳಗೆ ಹೋಗುವುದೂ ಮಾಧವನಿಗೆ ಸರಿಬರಲಿಲ್ಲ. ತಮ್ಮ ಬರುತ್ತಾನೆಂದು ಗೊತ್ತಿದ್ದ ಮೇಲೆ ಪೂರ್ತಿ ಎತ್ತಬಹುದಿತ್ತು. ಉಮಾಶಂಕರ ಜೆರಾಕ್ಸ್ ಮಿಷನ್ನಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ, ಏಳಲಿಲ್ಲ. ಮೈ ಇಳಿದುಹೋಗಿತ್ತು. ‘ಅತ್ತಿಗೆ ಮಾಲೇಕಲ್ಲು ಬೆಟ್ಟಕ್ಕೆ ಹೋಗಿದಾಳೆ, ಕಾಫಿ ಫ್ಲಾಸ್ಕಲ್ಲಿಟ್ಟು ಹೋಗಿದಾಳೆ’ ಎಂದು ಲೋಟಕ್ಕೆ ಬಗ್ಗಿಸಿ ಕೊಟ್ಟ. ಎಡಗೈಯಲ್ಲಿ ಕೊಟ್ಟ. ಮಾಧವ ಆ ಕೈಯನ್ನೇ ನೋಡಿದ. ಅಪ್ಪ ಇದ್ದಿದ್ದರೆ ಎಡಗೈಯಲ್ಲಿ ನೀರು ಕೊಟ್ಟರೂ ಸುಮ್ಮನಿರುತ್ತಿರಲಿಲ್ಲ. ಕರೆಸಿಕೊಂಡು ಹೀಗೆ ಅವಮಾನ ಮಾಡುವುದೇ ಎಂದುಕೊಂಡು, ಲೋಟ ತೆಗೆದುಕೊಂಡು ಕುಡಿಯದೆ ಮೇಜಿನ ಮೇಲಿಟ್ಟ. ಆಗ ಕಂಡಿತು. ಮೂಲೆಯಲ್ಲಿ ಸ್ಟೂಲಿನ ಮೇಲೆ ಅಪ್ಪನ ಕಾಲದ ದಪ್ಪ ಟೀವಿ, ಅದರ ಮುಂದೆ ಮಿಷನ್ನು, ವೈರುಗಳೆಲ್ಲ ಸಿಕ್ಕಿಸಿ ಸಿದ್ಧವಾಗಿತ್ತು. ಒಂದು ಕಡೆ ಜಾಯ್‌ಸ್ಟಿಕ್ಕು ಇತ್ತು, ಇನ್ನೊಂದು ತೂತು ಖಾಲಿ ಇತ್ತು. ಮಿಷನ್ನಿನ ಮೇಲೆ ಒಂದು ಚೂರು ದೂಳಿರಲಿಲ್ಲ. ಮಾರುವವನು ಕೊಳ್ಳುವವನಿಗೆ ಆಡಿಸಿ ತೋರಿಸಲು ಹೀಗೆ ಇಟ್ಟಿರಬೇಕು ಎಂದುಕೊಂಡ. ಒಳಮನೆಯ ಬಾಗಿಲಿನಿಂದ ದೇವರ ಗೂಡು ಕಾಣುತ್ತಿತ್ತು, ಅಪ್ಪನ ಬೆಳ್ಳಿ ಉದ್ಧರಣೆ ಒಂದು ಸ್ಟೀಲ್ ಲೋಟದಲ್ಲಿ ನಿಂತಿತ್ತು.

ಚೀಲ ಬಿಚ್ಚಿ ಕ್ಯಾಸೆಟ್ಟುಗಳನ್ನು ಮೇಜಿನ ಮೇಲೆ ಹರಡಿದ. ಜಾಯ್‌ಸ್ಟಿಕ್ಕನ್ನೂ ಇಟ್ಟ. ಉಮಾಶಂಕರ ಎಡಗೈಯಿಂದಲೇ ಒಂದೊಂದನ್ನೂ ಸರಿಸಿ ನೋಡಿದ. ‘ಬೆಂಕಿ ಆಟದ್ದು?’

‘ಅದು ಸಿಗಲಿಲ್ಲ ಅಣ್ಣ.’

‘ಬೀರುವಲ್ಲಿ ನೋಡಿದ್ಯಾ?’

‘ಎಲ್ಲಾ ಕಡೆ ನೋಡ್ದೆ. ಮನೆ ಬದಲಾಯಿಸುವಾಗ ಹೋಗಿರಬೇಕು.’

ಉಮಾಶಂಕರ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಮಾಧವ ಟೀವಿಯ ಕಡೆ ನೋಡಿದ. ‘ಹೋಗ್ಲಿ ಬಿಡು’ ಅಂದ ಉಮಾಶಂಕರ. ಆಮೇಲೆ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟ, ಬೇರೆ ಯಾರದೋ ಸಾಮಾನು ಇಟ್ಟ ಹಾಗೆ. ‘ಹೋದ ಮಾಘದಲ್ಲಿ ಇದಕ್ಕೆ ಸ್ವಲ್ಪ ಲಕ್ವ ಹೊಡೀತಲ್ಲ. ಈಗ ವಾಸಿ. ಅಪೂರ್ವಂಗೆ ಹೇಳಿದ್ವಿ, ನಿಂಗೂ ಹೇಳಿರಬೇಕು.’ ಹೇಳಿದ್ದಳು. ಮಾಧವನಿಗೆ ಆ ಸಂಜೆ ನೆನಪಾಯಿತು. ಭಾವನಿಗೆ ಕೈ ಹುಷಾರಿಲ್ಲವಂತೆ, ಅತ್ತಿಗೆ ಫೋನ್ ಮಾಡಿದ್ದರು ಎಂದು ಅವಳು ಹೇಳುತ್ತಿದ್ದಾಗ ಅವನು ಮಾತಿನ ಕೊನೆಯಲ್ಲಿ ಏನಾದರೂ ಸಹಾಯ ಕೇಳುತ್ತಾರೋ ಎಂದು ಕಾಯುತ್ತಿದ್ದ, ಕೇಳಲಿಲ್ಲ, ಆದ್ದರಿಂದ ಮರೆತಿದ್ದ. ತಣ್ಣಗಾಗುತ್ತಿದ್ದ ಕಾಫಿ ಲೋಟ ಎತ್ತಿ ಕುಡಿದ. ನಾಚಿಕೆಗೆ ಅದರ ರುಚಿಯೂ ತಿಳಿಯಲಿಲ್ಲ.

‘ಬೆರಳಿಗೆ ಕೆಲಸ ಕೊಡಿ ಅಂದ್ರು ಡಾಕ್ಟ್ರು’ ಅಂದ ಉಮಾಶಂಕರ. ‘ಹಿಸುಕ್ತಾ ಇರು ಅಂತ ಇವಳು ಚೆಂಡು ತಂದುಕೊಟ್ಲು. ಹಿಸುಕಿ ಹಿಸುಕಿ ಬೇಜಾರು. ಹೆಬ್ಬೆಟ್ಟು ಒತ್ತೋಕಾಗುತ್ತೆ ನೋಡು, ಒತ್ತಿ ಹಿಡ್ಕೊಳ್ಳೋಕಾಗುತ್ತೆ. ಆ ಕಡೆ ಈ ಕಡೆ ಓಡ್ಸೋದು ಆಗಲ್ಲ. ಆವಾಗ ಬೆಂಕಿ ಆಟ ಜ್ಞಾಪಕ ಬಂತು. ಏಣಿ ಹಿಡಿಯೋದಕ್ಕೆ ಒಂದೇ ಗುಂಡಿ ಅಲ್ವೇನೋ. ಈ ಸಲ ನಾನು ಕೆಳಗಿರ್ತೀನಿ, ನೀನು ಹತ್ತು ಅಂತ.’

ಹತ್ತಲು ಆಗದ್ದರಿಂದಲ್ಲವೇ ಅಣ್ಣ ಹಿಡಿಯುತ್ತೇನೆ ಅನ್ನುವುದು ಎಂಬ ಮಾತು ಮಾಧವನ ಮನಸ್ಸಿನಲ್ಲಿ ಬಂತು, ಬಂದದ್ದಕ್ಕೆ ಅವನಿಗೇ ಹೇಸಿಗೆಯಾಯಿತು. ಕ್ಯಾಸೆಟ್ ಮನೆಯಲ್ಲೇ ಇದೆ, ಮುಂದಿನ ಭಾನುವಾರ ತರುತ್ತೇನೆ. ಇಷ್ಟು ಹೇಳಿದರೆ ಸಾಕು. ಹೇಳಿದರೆ ಬಚ್ಚಿಟ್ಟದ್ದು ಗೊತ್ತಾಗುತ್ತದೆ, ಯಾಕೆ ಬಚ್ಚಿಟ್ಟೆ ಎಂದು ಅಣ್ಣ ಕೇಳದೆ ಇದ್ದರೂ ಆ ಪ್ರಶ್ನೆ ಮೇಜಿನ ಮೇಲೆ ಕೂತಿರುತ್ತದೆ. ಬಾಯಿಗೆ ಬಂದದ್ದು ಬೇರೆಯೇ. ‘ಈಗ ಅದು ಹೊಸದಾಗಿ ಬಂದಿದೆ ಅಣ್ಣ. ಎಲ್ಲಾ ಆಟ ಸೇರಿಸಿ ಒಂದೇ ಡಿಸ್ಕಲ್ಲಿ. ನಾನು ತರಿಸಿದೀನಿ.’

‘ಇರೋದನ್ನೇನಾ?’

‘ಹೂಂ.’

‘ಯಾರ ಜೊತೆ ಆಡ್ತೀಯ?’

‘ಒಬ್ಬನೇ.’

‘ಒಬ್ಬನೇ ಆದ್ರೆ ಏಣಿ?’

‘ಮಿಷನ್ನೇ ಹಿಡ್ಕೊಳ್ಳುತ್ತೆ.’

‘ಬೀಳ್ಸಲ್ವಾ?’

‘ಇಲ್ಲ. ಒಂದು ಸಲನೂ ಇಲ್ಲ.’

‘ಪರವಾಗಿಲ್ವೇ’ ಎಂದು ಉಮಾಶಂಕರ ನಕ್ಕ. ಬಲಗಡೆಯ ತುಟಿ ಅಷ್ಟಾಗಿ ನಗಲಿಲ್ಲ. ‘ಹಾಗಾದ್ರೆ ಕೊನೇ ಮನೆ?’

‘ಹತ್ತಿದೆ.’

‘ಏನಿದೆಯೋ ಅಲ್ಲಿ?’

ಸುಳ್ಳು ಹೇಳಬಹುದಿತ್ತು. ‘ಏನಿಲ್ಲ. ಕೆಳಗಿದ್ದವನೂ ಮೇಲೆ ಬರ್ತಾನೆ. ಇಬ್ಬರೂ ನಿಂತ್ಕೊಂಡು ಕೈ ಬೀಸ್ತಾರೆ.’

‘ಇಬ್ಬರೂನಾ?’

‘ಇಬ್ಬರೂ.’

ಉಮಾಶಂಕರ ತಲೆಯಾಡಿಸಿದ. ಹೊರಗೆ ಯಾವುದೋ ರೈಲು ಬಂದಿರಬೇಕು, ಆಟೋಗಳು ಸ್ಟೇಷನ್ನಿನ ಕಡೆ ಓಡಿದವು. ‘ಅವತ್ತು ಪಾಲು ಹಾಕುವಾಗ ರೇವಣಸಿದ್ದಪ್ಪನೋರು ಕೇಳಿದ್ರು ನೋಡು, ಯಾಕೆ ಒಡೀತೀಯ ಅಂತ. ಎಲ್ಲಾ ಒಂದೇ ಕಡೆ ಇಟ್ರೆ ಒಬ್ಬ ಇಟ್ಕೊಂಡು ಮನೇಲಿ ಕೂತ್ಕೋತಾನೆ. ಆ ಕಡೆಯವನು ಯಾಕೆ ಬರ್ತಾನೆ ಹೇಳು. ಕ್ಯಾಸೆಟ್ ಹಿಡ್ಕೊಂಡು ನೀನು ಬರ್ತೀಯ ಅಂತ ಮಾಡಿದ್ದೆ. ನೀನು ಬರಲಿಲ್ಲ, ನಾನೂ ಕರೀಲಿಲ್ಲ.’ ಇದನ್ನೆಲ್ಲ ಅವನು ಕರೆಂಟ್ ಬಿಲ್ಲಿನ ವಿಷಯ ಹೇಳುವವನ ಹಾಗೆ ಹೇಳಿದ. ಹೇಳುತ್ತಲೇ ಎದ್ದು ಹೋಗಿ, ಎಡಗೈಯಿಂದ ಮಿಷನ್ನಿನ ವೈರು ಒಂದೊಂದೇ ಕಿತ್ತ, ಮೊಣಕೈಗೆ ಸುತ್ತಿ ಸುತ್ತಿ ಕಟ್ಟಿದ, ಮೇಜಿನ ಮೇಲಿನ ಕ್ಯಾಸೆಟ್ಟುಗಳೂ ಸೇರಿ ಎಲ್ಲವನ್ನೂ ಒಂದು ಬಟ್ಟೆ ಅಂಗಡಿಯ ಚೀಲಕ್ಕೆ ಹಾಕಿದ. ‘ಇದನ್ನೂ ನೀನೇ ತಗೊಂಡು ಹೋಗು.’

‘ಬೇಡ ಅಣ್ಣ, ಇಲ್ಲೇ ಇರಲಿ.’

‘ನನಗ್ಯಾಕೋ. ಎಲ್ಲಾ ಒಂದೇ ಕಡೆ ಇರಲಿ ಬಿಡು.’

ಊಟ ಮಾಡಿಕೊಂಡು ಹೋಗು ಅಂದ. ಅಪೂರ್ವ ಕಾಯುತ್ತಾಳೆ ಅಂದ ಮಾಧವ. ಉಮಾಶಂಕರ ಒತ್ತಾಯ ಮಾಡಲಿಲ್ಲ. ಷಟರ್ ತನಕ ಬಂದು ಅದನ್ನು ಒಂದೇ ಕೈಯಲ್ಲಿ ಮೇಲಕ್ಕೆ ದೂಡಲು ನೋಡಿದ, ಅದು ಇನ್ನೊಂದು ಗೇಣು ಎದ್ದು ನಿಂತುಕೊಂಡಿತು. ಮಾಧವ ಬಗ್ಗಿಯೇ ಹೊರಗೆ ಬಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಣ್ಣ ಯಾಕೆ ಕೊಟ್ಟ ಎಂದು ಮಾಧವ ಯೋಚಿಸಿದ. ನನ್ನನ್ನು ಸಣ್ಣವನನ್ನಾಗಿ ಮಾಡಲು ಕೊಟ್ಟನೇ, ಪಾಲಿನ ವಿಷಯ ಹೇಳಿದ್ದು ಈಗ ಹೊಸೆದ ಮಾತೇ, ಆ ನಗು ಎಂಥದು. ಒಂದು ಸಣ್ಣ ಕೆಟ್ಟ ಉದ್ದೇಶ ಸಿಕ್ಕಿದ್ದರೂ ಉಸಿರಾಡಬಹುದಿತ್ತು. ಸ್ಟೀಲ್ ಲೋಟದಲ್ಲಿ ನಿಂತಿದ್ದ ಉದ್ಧರಣೆ ಕಣ್ಣಿಗೆ ಬರುತ್ತಿತ್ತು, ಇಷ್ಟು ವರ್ಷದಲ್ಲಿ ಅಣ್ಣ ಒಂದು ಪಂಚಪಾತ್ರೆ ಕೊಂಡುಕೊಂಡಿರಲಿಲ್ಲ. ಮುಂದಿನ ಭಾನುವಾರ ಹಳದಿಯದನ್ನು ತಗೊಂಡು ಬಂದು, ಸಿಕ್ಕಿತು ಅಣ್ಣ, ಹಳೇ ಟ್ರಂಕಿನಲ್ಲಿತ್ತು ಎಂದರೆ ಆಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೀಗೆ ಅಂದುಕೊಂಡಾಗ ಸ್ವಲ್ಪ ಹಗುರವಾಯಿತು. ಜಾವಗಲ್ ಹತ್ತಿರ ಬರುವಾಗ ಮೊಬೈಲು ಮತ್ತೆ ಅದುರಿತು, ಈ ಸಲ ತೆಗೆದ.

‘ಎಷ್ಟೊತ್ತಿಂದ ಮಾಡ್ತಿದೀನ್ರೀ, ಎತ್ತಲೇ ಇಲ್ಲ’ ಅಂದಳು ಅಪೂರ್ವ. ‘ಹಳದೀದು ಬೀರುವಲ್ಲೇ ಬಿಟ್ಟು ಹೋಗಿದೀರ. ನೀವು ಫೋನ್ ಎತ್ತಲಿಲ್ಲ ಅಂತ ಆವಾಗಲೇ ಭಾವಂಗೆ ಮಾಡಿ ಹೇಳಿದ್ದೆ, ಅದು ಇಲ್ಲೇ ಇದೆ, ಮರೆತು ಬರ್ತಿದಾರೆ, ಮುಂದಿನ ವಾರ ಕಳಿಸ್ತೀವಿ ಅಂತ. ಅವರು ಹೇಳಲಿಲ್ವಾ?’

‘ಯಾವಾಗ ಮಾಡಿದ್ದೆ?’

‘ನೀವು ಇನ್ನೂ ಬಸ್ಸಲ್ಲಿದ್ರಿ. ಸರಿ ಬಿಡಮ್ಮ, ಬಂದ ಮೇಲೆ ಕೇಳ್ತೀನಿ ಅಂದ್ರು. ಕೇಳಲಿಲ್ವಾ?’

‘ಕೇಳ್ದ’ ಅಂದ ಮಾಧವ.

‘ಏನಂದ್ರಿ?’

ಬಸ್ಸು ನಿಂತಿತು. ಯಾರೋ ಒಬ್ಬರು ಹತ್ತಿ ಬಂದು, ಪಕ್ಕದಲ್ಲಿ ಕೂರಬೇಕು, ಸ್ವಲ್ಪ ಚೀಲ ಎತ್ತಿಕೊಳ್ಳಿ ಅಂದರು. ಮಾಧವ ಫೋನನ್ನು ಹಾಗೇ ಕಿವಿಗೆ ಹಿಡಿದುಕೊಂಡು ಚೀಲ ತೊಡೆಯ ಮೇಲೆ ಇಟ್ಟುಕೊಂಡ. ಮಿಷನ್ನು ಅದರಲ್ಲಿತ್ತು, ಕ್ಯಾಸೆಟ್ಟುಗಳು ಇದ್ದವು. ಎರಡೂ ಜಾಯ್‌ಸ್ಟಿಕ್ಕು ಅವನ ಹತ್ತಿರವೇ ಇದ್ದವು.